ಇಪ್ಪತ್ತು ರೂಪಾಯಿಯ ಬಾಟಲಿಯಲ್ಲಿ ಶಕ್ತಿ ಇದೆಯಾ?

ಇವತ್ತು ಯಾವ ಪಕ್ಷದ ಜಗಳವೂ ಇಲ್ಲ, ಯಾರ ರಾಜೀನಾಮೆಯೂ ಇಲ್ಲ. ಇವತ್ತಿನ ವಿಷಯ ಇಪ್ಪತ್ತು ರೂಪಾಯಿಯ ಒಂದು ಬಾಟಲಿ. ನಿಮ್ಮ ಮನೆಯ ಪಕ್ಕದ ಕಿರಾಣಿ ಅಂಗಡಿಯ ಫ್ರಿಜ್‌ನಲ್ಲಿ ಇರುತ್ತೆ. ಕೆಂಪು ಬಣ್ಣ, ನೀಲಿ ಬಣ್ಣ, ಮೇಲೆ ಮಿಂಚಿನ ಚಿತ್ರ. ಎನರ್ಜಿ ಡ್ರಿಂಕ್. ಕಂಪನಿಯ ಹೆಸರು ಬೇಡ, ಒಂದಲ್ಲ, ನಾಲ್ಕೈದು ಇವೆ.

ನಮ್ಮ ಅಕ್ಕನನ್ನು ಕೊಟ್ಟ ಊರು ವಳಕಮದಿನ್ನಿ. ರಾಯಚೂರು ಜಿಲ್ಲೆಯಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ಓಡಾಡಿದವರಿಗೆ ಆ ಸೀಮೆ ಗೊತ್ತು. ಒಂದು ಮಾರ್ಚ್ ತಿಂಗಳಲ್ಲಿ ರಜೆ ಸಿಕ್ಕಿತ್ತು, ಹೋಗಿದ್ದೆ. ಅಕ್ಕನ ಮಗ ಆಗ ಹತ್ತನೇ ಕ್ಲಾಸು. ಪರೀಕ್ಷೆಗೆ ಇನ್ನು ಎರಡು ವಾರ. ರಾತ್ರಿ ಹತ್ತು ಗಂಟೆಗೆ ಪುಸ್ತಕ ತೆರೆದು ಕೂತ. ಪಕ್ಕದಲ್ಲಿ ಈ ಬಾಟಲಿ.

"ಏನೋ ತಮ್ಮಾ ಇದು?" ಅಂದೆ.

"ಮಾಮಾ, ಇದು ಕುಡುದ್ರ ನಿದ್ದಿ ಬರಂಗಿಲ್ಲ. ರಾತ್ರಿ ಓದಾಕ ಚಲೋ ಆಕ್ಕೈತಿ. ನಮ್ಮ ಸಾಲ್ಯಾಗ ಎಲ್ಲಾರೂ ಕುಡಿತಾರ" ಅಂದ.

ಅಕ್ಕ ಒಳಗಿನಿಂದಲೇ ಕೂಗಿದಳು: "ಶಕ್ತಿ ಬರ್ತೈತಂತ ಬಿಡೋ, ಓದ್ತಾನಲ್ಲ, ಸಾಕು."

ಅಕ್ಕ ಹೇಳಿದ ಆ ಒಂದು ಮಾತು ತಲೆಯಲ್ಲಿ ಉಳಿಯಿತು. ಶಕ್ತಿ ಬರುತ್ತಂತೆ. ನಾನು ಓದಿದ್ದು ಇಂಜಿನಿಯರಿಂಗ್. ಡಾಕ್ಟರ್ ಅಲ್ಲ, ಔಷಧ ಹೇಳೋಕೆ ನನಗೆ ಅಧಿಕಾರ ಇಲ್ಲ. ಆದರೆ ಶಕ್ತಿ ಅನ್ನೋ ಪದ ಬಂದರೆ ಇಂಜಿನಿಯರ್ ಕೇಳುವ ಪ್ರಶ್ನೆ ಒಂದೇ: ಎಲ್ಲಿಂದ ಬಂತು, ಎಷ್ಟು ಬಂತು? ಹಾಗಾಗಿ ಬಾಟಲಿ ತಗೊಂಡು ಮೊಬೈಲ್ ಟಾರ್ಚ್ ಹಾಕಿ ಹಿಂದೆ ಬರೆದದ್ದನ್ನು ಓದಿದೆ. ಟಾರ್ಚ್ ಯಾಕೆ ಅಂದರೆ ಅಕ್ಷರ ಅಷ್ಟು ಸಣ್ಣದು.

ಲೇಬಲ್ ಏನು ಹೇಳುತ್ತೆ?

ನೋಡಿ, ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಇಂಥ ಪಾನೀಯಕ್ಕೆ ಇಟ್ಟಿರುವ ಹೆಸರು ಎನರ್ಜಿ ಡ್ರಿಂಕ್ ಅಲ್ಲ. ಅದರ ನಿಯಮದ ಪುಸ್ತಕದಲ್ಲಿ ಇದು 'ಕೆಫೀನ್ ಇರುವ ಪಾನೀಯ'. ಒಂದು ಲೀಟರಿಗೆ ಕನಿಷ್ಠ 145 ಮಿಲಿಗ್ರಾಂ, ಗರಿಷ್ಠ 300 ಮಿಲಿಗ್ರಾಂ ಕೆಫೀನ್ ಇರಬೇಕು. ಬಾಟಲಿಯ ಮೇಲೆ ಕೆಫೀನ್ ಹೆಚ್ಚಿದೆ ಅಂತ ಹಾಕಬೇಕು. ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ, ಕೆಫೀನ್ ಒಗ್ಗದವರಿಗೆ ಇದು ಸೂಕ್ತವಲ್ಲ ಅಂತಲೂ ಹಾಕಬೇಕು. ದಿನಕ್ಕೆ 500 ಮಿಲಿಗಿಂತ ಹೆಚ್ಚು ಕುಡಿಯಬೇಡಿ ಅಂತಲೂ ಹಾಕಬೇಕು.

ಇದೆಲ್ಲ ಆ ಬಾಟಲಿಯ ಮೇಲಿತ್ತು. ಕಂಪನಿ ಸುಳ್ಳು ಹೇಳಿಲ್ಲ. ಆದರೆ ಇಂಗ್ಲಿಷಿನಲ್ಲಿ ಹೇಳಿದೆ, ಇರುವೆ ಸಾಲಿನ ಹಾಗೆ ಹೇಳಿದೆ. ನನ್ನ ಅಳಿಯ ಕನ್ನಡ ಮಾಧ್ಯಮ. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ಅಂಗಡಿಯ ಕಾಕಾನಿಗೆ ಕನ್ನಡಕ ಹಾಕಿದರೂ ಅದು ಕಾಣಲ್ಲ. 'ಮಕ್ಕಳಿಗಲ್ಲ' ಅನ್ನೋ ಎಚ್ಚರಿಕೆ ಹೊತ್ತ ಬಾಟಲಿ ಮಕ್ಕಳ ಕೈಗೇ ಬರುತ್ತಿದೆ, ಓದುವವರು ಯಾರೂ ಇಲ್ಲ.

ಹಾಗಾದರೆ ಶಕ್ತಿ ಎಲ್ಲಿದೆ?

ಶಕ್ತಿ ಅಂದರೆ ಕ್ಯಾಲೊರಿ. ಅದು ಬರೋದು ಅನ್ನ, ರೊಟ್ಟಿ, ಬೇಳೆ, ಎಣ್ಣೆ, ಸಕ್ಕರೆಯಿಂದ. ಈ ಪಾನೀಯದಲ್ಲಿ ಕ್ಯಾಲೊರಿ ಕೊಡುವ ಪದಾರ್ಥ ಒಂದೇ, ಸಕ್ಕರೆ. ರೆಡ್ ಬುಲ್‌ನ ಮಾಮೂಲಿ ಕ್ಯಾನ್ ತಗೊಳ್ಳಿ: 100 ಮಿಲಿಗೆ 11 ಗ್ರಾಂ, ಅಂದರೆ 250 ಮಿಲಿಯಲ್ಲಿ ಸುಮಾರು 27 ಗ್ರಾಂ. ಆರೇಳು ಚಮಚ. ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುತ್ತೆ. ಒಂದೇ ಕ್ಯಾನ್‌ಗೆ ಆ ಕೋಟಾ ಮುಗೀತು. ಇಷ್ಟು ಸಕ್ಕರೆಯಿಂದ ಸಿಗೋದು ನೂರು ಚಿಲ್ಲರೆ ಕ್ಯಾಲೊರಿ. ಅಷ್ಟನ್ನು ನಮ್ಮ ಕಡೆಯ ಒಂದು ಜೋಳದ ರೊಟ್ಟಿ ಕೊಡುತ್ತೆ. ಅಗ್ಗದ ಕೆಲವು ಬಾಟಲಿಗಳಲ್ಲಿ ಸಕ್ಕರೆ ಕಡಿಮೆ ಹಾಕಿ ಕೃತಕ ಸಿಹಿ ಸೇರಿಸಿರುತ್ತಾರೆ. ಅಲ್ಲಿ ಆ ರೊಟ್ಟಿಯಷ್ಟೂ ಇಲ್ಲ.

ಇನ್ನು ಟಾರಿನ್ ಅಂತ ಒಂದು ಹೆಸರು ಇರುತ್ತೆ. 1827ರಲ್ಲಿ ಜರ್ಮನಿಯ ವಿಜ್ಞಾನಿಗಳು ಎತ್ತಿನ ಪಿತ್ತರಸದಿಂದ ಇದನ್ನು ಬೇರ್ಪಡಿಸಿದರು. ಲ್ಯಾಟಿನ್‌ನಲ್ಲಿ ಗೂಳಿಗೆ ಟಾರಸ್ ಅಂತಾರೆ, ಅದರಿಂದ ಟಾರಿನ್. ಗೂಳಿಯ ಬಲ ಬರುತ್ತೆ ಅಂತ ಅಲ್ಲ, ಬರೀ ಹೆಸರು. ಈಗ ಕಾರ್ಖಾನೆಯಲ್ಲೇ ತಯಾರಾಗುತ್ತೆ. ನಮ್ಮ ದೇಹವೂ ತನಗೆ ಬೇಕಾದ ಟಾರಿನ್ ಮಾಡಿಕೊಳ್ಳುತ್ತೆ.

ಹಾಗಾದರೆ ಕುಡಿದ ಅರ್ಧ ಗಂಟೆಗೆ ಆ ಹುರುಪು ಬರೋದು ಹೇಗೆ? ಅದು ಕೆಫೀನ್ ಕೆಲಸ. ಬೆಳಿಗ್ಗೆ ಎದ್ದಾಗಿನಿಂದ ನಮ್ಮ ಮಿದುಳಿನಲ್ಲಿ ಅಡೆನೋಸಿನ್ ಅನ್ನೋ ರಾಸಾಯನಿಕ ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋಗುತ್ತೆ. ಅದು ಹೆಚ್ಚಾದಷ್ಟೂ ಕಣ್ಣು ಎಳೆಯುತ್ತೆ. 'ಸಾಕು, ಮಲಗು' ಅಂತ ದೇಹ ಕೊಡುವ ಸಂದೇಶ ಅದು. ಆ ಸಂದೇಶ ಮುಟ್ಟುವ ಜಾಗದಲ್ಲಿ ಕೆಫೀನ್ ಹೋಗಿ ಕೂತುಬಿಡುತ್ತೆ. ಸಂದೇಶ ತಲುಪೋದಿಲ್ಲ. ದಣಿವು ಹೋಗಿಲ್ಲ, ದಣಿವು ಗೊತ್ತಾಗುತ್ತಿಲ್ಲ, ಅಷ್ಟೇ.

ಬೈಕ್ ಓಡಿಸುವವರಿಗೆ ಹೀಗೆ ಹೇಳಬಹುದು. ಪೆಟ್ರೋಲ್ ರಿಸರ್ವ್‌ಗೆ ಬಂದಾಗ ಮೀಟರಿನಲ್ಲಿ ಲೈಟ್ ಹತ್ತುತ್ತೆ. ಆ ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿದರೆ ಟ್ಯಾಂಕ್ ತುಂಬುತ್ತಾ? ಗಾಡಿ ಇನ್ನೊಂದಿಷ್ಟು ದೂರ ಹೋಗುತ್ತೆ ನಿಜ. ಎಲ್ಲಿ ನಿಲ್ಲುತ್ತೆ ಅನ್ನೋದು ಮಾತ್ರ ನಮ್ಮ ಕೈಯಲ್ಲಿ ಇರೋದಿಲ್ಲ.

'ಕಾಫಿ ಕುಡಿಯಲ್ವಾ ಸಾರ್?'

ಈ ಪ್ರಶ್ನೆ ಬಂದೇ ಬರುತ್ತೆ, ನ್ಯಾಯವಾದ ಪ್ರಶ್ನೆ. ಲೀಟರಿಗೆ 300 ಮಿಲಿಗ್ರಾಂ ಮಿತಿ ಅಂದರೆ 250 ಮಿಲಿ ಬಾಟಲಿಯಲ್ಲಿ ಹೆಚ್ಚೆಂದರೆ 75 ಮಿಲಿಗ್ರಾಂ. ಐಸಿಎಂಆರ್ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಇರುತ್ತೆ. ದಿನಕ್ಕೆ ಒಟ್ಟು 300 ದಾಟಬೇಡಿ ಅಂತ ಅದು ಹೇಳುತ್ತೆ. ಅಂದರೆ ಆರೋಗ್ಯವಂತ ದೊಡ್ಡ ಮನುಷ್ಯ ಅಪರೂಪಕ್ಕೆ ಒಂದು ಬಾಟಲಿ ಕುಡಿದರೆ ಆಕಾಶ ಕಳಚಿ ಬೀಳಲ್ಲ. ನಾವು ಟಿವಿಯವರು 'ಬೆಚ್ಚಿಬೀಳಿಸುವ ಸತ್ಯ' ಅಂತ ಪಟ್ಟಿ ಓಡಿಸಬಹುದು. ಆದರೆ ಅದು ಸತ್ಯ ಆಗಲ್ಲ.

ವ್ಯತ್ಯಾಸ ಇರೋದು ಕುಡಿಯುವವರಲ್ಲಿ, ಕುಡಿಯುವ ರೀತಿಯಲ್ಲಿ. ಕಾಫಿ ಬಿಸಿ, ಕಹಿ. ಊದಿ ಊದಿ ಗುಟುಕರಿಸುತ್ತೇವೆ. ಎಂಟು ವರ್ಷದ ಹುಡುಗ ಮೂರು ಲೋಟ ಸ್ಟ್ರಾಂಗ್ ಕಾಫಿ ಕೇಳಲ್ಲ, ಕೇಳಿದರೂ ಮನೆಯಲ್ಲಿ ಕೊಡಲ್ಲ. ಇದು ತಣ್ಣಗೆ, ಸಿಹಿ, ಹಣ್ಣಿನ ವಾಸನೆ. ಕ್ರಿಕೆಟ್ ಆಡಿ ಬಾಯಾರಿದ ಹುಡುಗ ಎರಡು ನಿಮಿಷದಲ್ಲಿ ಖಾಲಿ ಮಾಡಿ ಇನ್ನೊಂದು ಕೇಳುತ್ತಾನೆ.

ಈಗ ತೂಕದ ಲೆಕ್ಕ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2015ರಲ್ಲಿ ಒಂದು ಅಂದಾಜು ಕೊಟ್ಟಿತು. ಮಕ್ಕಳಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 3 ಮಿಲಿಗ್ರಾಂ ಕೆಫೀನ್, ಅದೇ ಗಡಿ. ಮೂರನೇ ಕ್ಲಾಸಿನ ಹುಡುಗ 25 ಕಿಲೋ ಇದ್ದಾನೆ ಅಂದುಕೊಳ್ಳಿ. 25 ಗುಣಿಸು 3, ಎಷ್ಟಾಯಿತು? 75. ಒಂದು ಬಾಟಲಿ, ಗಡಿ ಮುಟ್ಟಿತು. ಮನೆಯಲ್ಲಿ ಬೆಳಿಗ್ಗೆ ಒಂದು ಲೋಟ ಚಹಾ ಕುಡಿದಿದ್ದರೆ ಗಡಿ ದಾಟಿತು. ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2011ರಲ್ಲೇ ಹೇಳಿದೆ, ಮಕ್ಕಳ ಮತ್ತು ಹದಿಹರೆಯದವರ ಆಹಾರದಲ್ಲಿ ಎನರ್ಜಿ ಡ್ರಿಂಕ್‌ಗೆ ಜಾಗವೇ ಇಲ್ಲ ಅಂತ.

ರಾತ್ರಿ ಹತ್ತರ ಬಾಟಲಿ, ಬೆಳಿಗ್ಗೆ ಎಂಟರ ಮಗು

ನನ್ನ ಅಳಿಯನ ವಿಷಯಕ್ಕೆ ಬರ್ತೀನಿ. ದೇಹಕ್ಕೆ ಹೋದ ಕೆಫೀನ್‌ನಲ್ಲಿ ಅರ್ಧ ಕರಗೋಕೆ ದೊಡ್ಡವರಲ್ಲಿ ಸರಾಸರಿ ಐದು ಗಂಟೆ ಬೇಕು. ರಾತ್ರಿ ಹತ್ತಕ್ಕೆ 75 ಮಿಲಿಗ್ರಾಂ ಕುಡಿದರೆ ಮೂರು ಗಂಟೆಗೆ ಇನ್ನೂ 37 ಉಳಿದಿರುತ್ತೆ. ಬೆಳಿಗ್ಗೆ ಎಂಟಕ್ಕೆ ಶಾಲೆಗೆ ಹೊರಡುವಾಗಲೂ ಹತ್ತೊಂಬತ್ತು ಇರುತ್ತೆ. ನಡುವೆ ಮಲಗಿದ್ದರೂ ಆ ನಿದ್ದೆ ಗಟ್ಟಿ ನಿದ್ದೆ ಅಲ್ಲ. ಹಗಲೆಲ್ಲಾ ತೂಕಡಿಕೆ. ತೂಕಡಿಕೆಗೆ ಮತ್ತೊಂದು ಬಾಟಲಿ. ಒಂದು ವಾರ ಹೀಗೇ ನಡೆದರೆ ಬಾಟಲಿ ಇಲ್ಲದ ದಿನ ತಲೆನೋವು, ಸಿಡುಕು. ಆಗ ಮಗು 'ಅದನ್ನು ಕುಡಿದರೇನೇ ಓದೋಕಾಗುತ್ತೆ' ಅಂತ ನಂಬಿಬಿಡುತ್ತೆ.

ಇನ್ನೊಂದು ಮಾತು ಪೋಷಕರಿಗೆ. ಹಗಲು ಓದಿದ್ದು ತಲೆಯಲ್ಲಿ ಗಟ್ಟಿಯಾಗಿ ಕೂರೋದು ನಿದ್ದೆಯಲ್ಲಿ. ನಿದ್ದೆ ಕದ್ದು ಓದಿಸಿದರೆ ಒಂದು ಕಡೆ ತುಂಬಿ ಇನ್ನೊಂದು ಕಡೆ ಸೋರಿದ ಹಾಗೆ.

ಇದನ್ನು ನಾನು ಪುಸ್ತಕ ನೋಡಿ ಮಾತ್ರ ಹೇಳ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಚುನಾವಣೆಯ ಮತ ಎಣಿಕೆ ದಿನ. ಹಿಂದಿನ ರಾತ್ರಿಯಿಂದ ನಿದ್ದೆ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮೂರು ಕ್ಯಾನ್ ಕುಡಿದಿದ್ದೆ, ಊಟ ಮಾಡಿರಲಿಲ್ಲ. ಎದೆ ಡವಡವ, ಕೈ ನಡುಕ, ಕಾಗದದ ಮೇಲಿನ ಅಂಕಿ ಓದೋಕಾಗಲಿಲ್ಲ. ಆಸ್ಪತ್ರೆಯಲ್ಲಿ ಇಸಿಜಿ ಮಾಡಿ ಡಾಕ್ಟರ್ ಕೇಳಿದ್ದು ಒಂದೇ ಪ್ರಶ್ನೆ: "ಏನು ಕುಡಿದ್ರಿ?" ನನಗೆ ಹೃದಯದ ತೊಂದರೆ ಇರಲಿಲ್ಲ, ಸಂಜೆಗೆ ಸರಿಹೋಯಿತು. ನನ್ನ ಅದೃಷ್ಟ ಅಂತಲೇ ಹೇಳ್ತೀನಿ. ಯಾಕಂದರೆ ಕೆಫೀನ್ ಸ್ವಲ್ಪ ಹೊತ್ತು ಹೃದಯದ ಬಡಿತ, ರಕ್ತದೊತ್ತಡ ಏರಿಸುತ್ತೆ. ಕೆಲವರಿಗೆ ಹೃದಯದ ಬಡಿತ ನಡೆಸುವ ವಿದ್ಯುತ್ ವ್ಯವಸ್ಥೆಯಲ್ಲಿ ಹುಟ್ಟಿನಿಂದಲೇ ದೋಷ ಇರುತ್ತೆ. ಹೊರಗೆ ಏನೂ ಕಾಣೋದಿಲ್ಲ, ಅವರಿಗೇ ಗೊತ್ತಿರೋದಿಲ್ಲ. ಅಂಥವರಿಗೆ ಇದು ಆಟ ಅಲ್ಲ.

ಈ ಬಾಟಲಿ ಹುಟ್ಟಿದ್ದೇ ದುಡಿಯುವವರಿಗಾಗಿ

ರೆಡ್ ಬುಲ್‌ನ ಮೂಲ ಥಾಯ್ಲೆಂಡ್. 1970ರ ದಶಕದಲ್ಲಿ ಅಲ್ಲಿ ಕ್ರಾಟಿಂಗ್ ಡೇಂಗ್ ಅನ್ನೋ ಸಿಹಿ ಪಾನೀಯ ಬಂತು. ಕೆಂಪು ಕಾಡುಕೋಣ ಅಂತ ಅರ್ಥ. ಕೊಳ್ಳುತ್ತಿದ್ದವರು ಲಾರಿ ಡ್ರೈವರ್‌ಗಳು, ಕೂಲಿಕಾರರು. ಆಸ್ಟ್ರಿಯಾದ ವ್ಯಾಪಾರಿ ಡೀಟ್ರಿಚ್ ಮಾಟೆಶಿಟ್ಜ್ ಅದನ್ನು ನೋಡಿ, ಥಾಯ್ಲೆಂಡಿನ ಮಾಲೀಕರ ಜೊತೆ ಸೇರಿ, ಗ್ಯಾಸ್ ತುಂಬಿಸಿ, 1987ರಲ್ಲಿ ರೆಡ್ ಬುಲ್ ಅಂತ ಮಾರುಕಟ್ಟೆಗೆ ತಂದರು. ಆಮೇಲೆ ಕಾರ್ ರೇಸು, ವಿಮಾನದ ಸಾಹಸ, ದೊಡ್ಡ ದೊಡ್ಡ ಜಾಹೀರಾತು. ನಮ್ಮಲ್ಲಿ ಮೊದಲು ಪಟ್ಟಣದ ದುಬಾರಿ ಕ್ಯಾನ್ ಆಗಿತ್ತು. ಪ್ಲಾಸ್ಟಿಕ್ ಬಾಟಲಿಗೆ ಇಳಿದು ಇಪ್ಪತ್ತು ರೂಪಾಯಿ ಆದ ಮೇಲೆ ಹಳ್ಳಿಗೆ ಬಂತು, ಮತ್ತೆ ಲಾರಿ ಡ್ರೈವರ್ ಕೈಗೇ ಬಂತು.

ವಳಕಮದಿನ್ನಿಯಿಂದ ವಾಪಸ್ ಬರುವಾಗ ಸಿಂಧನೂರು ರಸ್ತೆಯ ಒಂದು ಚಹಾದ ಅಂಗಡಿಯಲ್ಲಿ ಭತ್ತದ ಲಾರಿ ನಿಂತಿತ್ತು. ಡ್ರೈವರ್ ಎರಡು ಬಾಟಲಿ ಕೊಂಡು ಒಂದನ್ನು ಅಲ್ಲೇ ಕುಡಿದ. "ಇದು ಕುಡಿಯೋದು ಒಳ್ಳೇದಲ್ಲ ಅಣ್ಣಾ" ಅಂದೆ. ಅವನು ನಕ್ಕ. "ಗೊತ್ತೈತ್ರಿ ಸರ. ಮಲಗಿದ್ರ ಬಾಡಿಗಿ ಯಾರು ಕೊಡ್ತಾರ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತು 'ವಿಶ್ರಾಂತಿ ತಗೊಳ್ಳಿ' ಅನ್ನೋದು ಸುಲಭ. ವಿಶ್ರಾಂತಿಗೂ ದುಡ್ಡು ಬೇಕು. ಆದರೆ ಡ್ರೈವರ್ ಅಣ್ಣಂದಿರೇ, ಒಂದು ವಿಷಯ ತಿಳಿದಿರಲಿ. ನಿದ್ದೆ ತೀರಾ ಬಾಕಿ ಬಿದ್ದಾಗ ಕೆಫೀನ್ ಕೂಡ ಕೈ ಕೊಡುತ್ತೆ. ಕಣ್ಣು ತೆರೆದಿದ್ದ ಹಾಗೇ ಮಿದುಳು ಎರಡು ಮೂರು ಸೆಕೆಂಡ್ ನಿದ್ದೆಗೆ ಜಾರುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಮೂರು ಸೆಕೆಂಡ್ ಅಂದರೆ 50 ಮೀಟರ್, ಲಾರಿಯನ್ನು ನೋಡುವವರು ಯಾರೂ ಇಲ್ಲದ 50 ಮೀಟರ್. ಲಾರಿ ಬದಿಗೆ ಹಾಕಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದರೆ ಅದಕ್ಕೆ ಇಪ್ಪತ್ತು ರೂಪಾಯಿಯೂ ಬೇಡ. ಲಾರಿ ಮಾಲೀಕರಿಗೂ ಇದೇ ಮಾತು: ರಾತ್ರಿ ದೂರದ ಬಾಡಿಗೆಗೆ ಎರಡನೇ ಡ್ರೈವರ್ ಹಾಕೋದು ಖರ್ಚು ಅಲ್ಲ.

ಮದ್ಯದ ಜೊತೆ ಬೆರೆಸಿ ಕುಡಿಯುವ ಚಟವೂ ಇದೆ. ಏರಿದ ಅಮಲು ಗೊತ್ತಾಗದ ಹಾಗೆ ಕೆಫೀನ್ ಮುಚ್ಚಿಡುತ್ತೆ. ಇನ್ನಷ್ಟು ಕುಡಿಯುತ್ತಾರೆ, ಗಾಡಿಯನ್ನೂ ತೆಗೆಯುತ್ತಾರೆ. ಅಮೆರಿಕದಲ್ಲಿ 2010ರಲ್ಲಿ ಕೆಫೀನ್ ಬೆರೆಸಿದ ಮದ್ಯ ಮಾರುತ್ತಿದ್ದ ನಾಲ್ಕು ಕಂಪನಿಗಳಿಗೆ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಕೆ ಪತ್ರ ಕೊಟ್ಟಿತ್ತು.

ಬಿಸಿಲಿಗೆ ಇದು ಮದ್ದಲ್ಲ

ರಾಯಚೂರು ಬಿಸಿಲು ನಿಮಗೆ ಗೊತ್ತು, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತೆ. ಹೊಲದಲ್ಲಿ, ಉದ್ಯೋಗ ಖಾತ್ರಿ ಕೆಲಸದಲ್ಲಿ ಸುಸ್ತಾದವರು ಇದನ್ನು ಕುಡಿಯೋದು ನೋಡಿದ್ದೀನಿ. ಬೆವರಿನಲ್ಲಿ ಹೋಗೋದು ನೀರು ಮತ್ತು ಉಪ್ಪು. ಅದನ್ನು ವಾಪಸ್ ಕೊಡೋದು ಓಆರ್‌ಎಸ್. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್ ಕರಗಿಸಿದ ನೀರಿನಿಂದಲೇ ಸಾವಿರಾರು ಜೀವ ಉಳಿಸಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್. ಆ ಕ್ಯಾನ್‌ನಲ್ಲಿ ಲೀಟರಿಗೆ 110 ಗ್ರಾಂ ಸಕ್ಕರೆ, ಎಂಟು ಪಟ್ಟು. ಎರಡೂ ಒಂದೇ ಅಲ್ಲ. ಸಿಹಿ ಪಾನೀಯಗಳ ಪ್ಯಾಕೆಟ್ಟಿನ ಹೆಸರಿನಲ್ಲಿ ಓಆರ್‌ಎಸ್ ಅಂತ ಹಾಕಬಾರದು ಅಂತ ಎಫ್‌ಎಸ್‌ಎಸ್‌ಎಐ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದ್ದೂ ಇದೇ ಗೊಂದಲ ತಪ್ಪಿಸೋಕೆ. ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ ಅಂದರೆ ಚಹಾದ ಚಮಚ, ಮಟ್ಟಸವಾಗಿ ಅಳೆಯಿರಿ. ಬರೀ ಬಾಯಾರಿಕೆಗೆ ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಸಾಕು. ಅದು ನಿಮ್ಮ ಮನೆಯಲ್ಲೇ ಇದೆ.

ಕಾನೂನು ಇದೆಯಾ? ಇದೆ

ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರಲ್ಲಿ ಹದಿನೆಂಟು ತುಂಬದವರಿಗೆ ಎನರ್ಜಿ ಡ್ರಿಂಕ್ ಮಾರಾಟ ನಿಲ್ಲಿಸಿದವು. ನಮ್ಮಲ್ಲಿ ಪಂಜಾಬ್ ಸರ್ಕಾರ 2025ರಲ್ಲಿ ಶಾಲೆಯ ಕ್ಯಾಂಟೀನು ಮತ್ತು ಶಾಲೆಯ ಸುತ್ತಮುತ್ತ ಮಕ್ಕಳಿಗೆ ಮಾರುವಂತಿಲ್ಲ ಅಂದಿತು. ಇಡೀ ದೇಶಕ್ಕೆ ಅನ್ವಯಿಸುವ ಒಂದು ನಿಯಮವೂ ಇದೆ. ಎಫ್‌ಎಸ್‌ಎಸ್‌ಎಐನ 2020ರ ಶಾಲಾ ಆಹಾರ ನಿಯಮದ ಪ್ರಕಾರ ಸಕ್ಕರೆ, ಉಪ್ಪು, ಕೊಬ್ಬು ಅತಿಯಾಗಿರುವ ಪದಾರ್ಥಗಳನ್ನು ಶಾಲೆಯೊಳಗೆ ಮತ್ತು ಶಾಲೆಯಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. ತೆರಿಗೆಯೂ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 22ರಿಂದ ಕೆಫೀನ್ ಪಾನೀಯಕ್ಕೆ ಶೇ. 40 ಜಿಎಸ್‌ಟಿ. ಒಂದು ಕಡೆ ಕೆಟ್ಟದ್ದು ಅಂತ ತೆರಿಗೆ ಹಾಕ್ತೀವಿ, ಇನ್ನೊಂದು ಕಡೆ ಶಾಲೆಯ ಗೇಟಿನ ಎದುರಿನ ಫ್ರಿಜ್ ನೋಡೋದೇ ಇಲ್ಲ. ಎಸ್‌ಡಿಎಂಸಿಯವರು, ಪಂಚಾಯಿತಿ ಸದಸ್ಯರು ಒಂದು ದಿನ ಟೇಪು ಹಿಡಿದು 50 ಮೀಟರ್ ಅಳೆದರೆ ಅರ್ಧ ಕೆಲಸ ಆಗುತ್ತೆ.

ಮಾಧ್ಯಮದವರಾದ ನಮ್ಮ ತಪ್ಪೂ ಇದೆ. ನಾನು ಈ ಮಾತು ಮುಗಿಸಿ ಬ್ರೇಕ್ ತಗೊಂಡರೆ ಇಂಥದ್ದೇ ಪಾನೀಯದ ಜಾಹೀರಾತು ಬರಬಹುದು. ಸಂಬಳ ತಗೊಳ್ಳುವ ನಾನು ಅದನ್ನು ಮುಚ್ಚಿಡೋದು ಸರಿಯಲ್ಲ. ನಿಮಗೆ ಗೊತ್ತಿರಲಿ.

ಕೊನೆಗೆ ಮನೆಯಲ್ಲಿ ಮಾಡಬೇಕಾದ್ದು. ಮಕ್ಕಳಿಗೆ ಬೇಡ, ಗರ್ಭಿಣಿಯರಿಗೆ ಬೇಡ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ಬೇಡ. ಆಟಕ್ಕೆ ಮುಂಚೆ ಬೇಡ, ಮದ್ಯದ ಜೊತೆ ಬೇಡವೇ ಬೇಡ. ದಿನಾ ಕುಡಿಯುವ ಅಭ್ಯಾಸ ಇದ್ದರೆ ನಿಧಾನವಾಗಿ ಕಡಿಮೆ ಮಾಡಿ. ಕುಡಿದ ಮೇಲೆ ಎದೆ ಬಡಿತ ತಪ್ಪಿದ ಹಾಗಾದರೆ, ಎದೆ ನೋವು, ತಲೆಸುತ್ತಿ ಬೀಳೋದು, ಫಿಟ್ಸ್ ಬಂದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಆಸ್ಪತ್ರೆಯಲ್ಲಿ ಏನು ಕುಡಿದದ್ದು ಅಂತ ನಿಜ ಹೇಳಿ.

ಆ ರಾತ್ರಿ ಅಳಿಯನಿಗೆ ಈ ಲೆಕ್ಕವನ್ನೆಲ್ಲ ಅವನ ರಫ್ ನೋಟಿನಲ್ಲೇ ಬರೆದು ತೋರಿಸಿದೆ. ಗಣಿತ ಅವನಿಗೆ ಚೆನ್ನಾಗಿ ಬರುತ್ತೆ. ಐದೈದು ಗಂಟೆಗೆ ಅರ್ಧ ಮಾಡೋದು ಅವನೇ ಮಾಡಿದ. ಹನ್ನೊಂದಕ್ಕೆ ಮಲಗಿ ಬೆಳಿಗ್ಗೆ ಐದಕ್ಕೆ ಎದ್ದು ಓದೋದು ಅಂತ ಮಾತಾಯಿತು. ಎಬ್ಬಿಸುವ ಕೆಲಸ ಅಕ್ಕನದು. ಎರಡು ದಿನ ತಲೆನೋವು ಅಂದನಂತೆ, ಆಮೇಲೆ ಸರಿಹೋಯಿತಂತೆ. ಮುಂದಿನ ವಾರ ಅಕ್ಕನಿಗೆ ಫೋನ್ ಮಾಡಿದಾಗ ಅಂಗಡಿಯ ಕಾಕಾನ ಸುದ್ದಿ ಕೇಳಿದೆ.

"ಅವಾ ಈಗೂ ಮಾರ್ತಾನಪಾ" ಅಂದಳು. "ನಾ ಇಡದಿದ್ರ ಮಗ್ಗಲ ಅಂಗಡ್ಯಾಂವ ಇಡ್ತಾನ ಅಂತಾನ. ಆದ್ರ ಸಾಲಿ ಹುಡುಗರು ಕೇಳಿದ್ರ, ನಿಮ್ಮವ್ವನ್ನ ಕರಕೊಂಡ ಬಾ ಅಂತ ಕಳಸ್ತಾನ."

ನಿಮ್ಮ ಊರಿನ ಅಂಗಡಿಯವರಿಗೂ ಇಷ್ಟು ಹೇಳಿ ನೋಡಿ.